ಗುಳಿಗೆ ಮರೆತರೆ ಮರೆವು ಬೆಳೆಯುತ್ತದೆ



ಬೀಜ, ಗೊಬ್ಬರ, ನೀರಿನ ಮಾತನ್ನು ಈ ಪುಟಗಳಲ್ಲಿ ನಾವು ಆಗಾಗ ಆಡುತ್ತಿರುತ್ತೇವೆ. ಇಂದು ಒಕ್ಕಲುತನ ಮಾಡುವವನ ತಲೆಯ ಮಾತನ್ನು ಆಡಬೇಕಾಗಿದೆ. ಎತ್ತು ಸೋತರೆ ಬೇರೆ ಎತ್ತು ತರಬಹುದು. ಪಂಪು ಕೆಟ್ಟರೆ ರಿಪೇರಿ ಮಾಡಿಸಬಹುದು. ಯಾವಾಗ ಬಿತ್ತಬೇಕು, ಯಾರಿಗೆ ಎಷ್ಟು ಕೊಡಬೇಕು, ನೀರಿನ ಸರದಿ ಎಂದು ಎಂಬುದನ್ನೆಲ್ಲ ಎಣಿಸುವ ತಲೆಯೇ ಕೆಟ್ಟರೆ ಆ ಮನೆ ನಿಲ್ಲುವುದು ಕಷ್ಟ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇದು ಇಂಥವರದೇ ಮನೆ ಎಂದಲ್ಲ. ನಮ್ಮ ಯಾವ ಊರಿನಲ್ಲಾದರೂ ಇರಬಹುದಾದ ಮನೆ. ಯಜಮಾನನಿಗೆ ನಲವತ್ತು ವರ್ಷ. ಕೆಲವು ವರ್ಷಗಳ ಹಿಂದೆ ರಕ್ತ ಪರೀಕ್ಷೆಯಲ್ಲಿ ಎಚ್.ಐ.ವಿ. ಇದೆಯೆಂದು ತಿಳಿಯಿತು. ಸರಕಾರಿ ಆಸ್ಪತ್ರೆಯ ಗುಳಿಗೆ ತೆಗೆದುಕೊಂಡು ಚೆನ್ನಾಗಿಯೇ ಇದ್ದ. ಈಚೆಗೆ ಆರು ತಿಂಗಳಿಂದ ಅವನ ನಡೆ ಬೇರೆಯಾಗಿದೆ. ಮೋಟಾರು ಹಚ್ಚಿ ಬಂದವನು ಆರಿಸಲು ಮರೆಯುತ್ತಾನೆ. ಸಂತೆಯಲ್ಲಿ ಚಿಲ್ಲರೆ ಎಣಿಸುವುದಕ್ಕೆ ತಡಮಾಡುತ್ತಾನೆ. ಮೊದಲು ಕಟ್ಟೆಯ ಮೇಲೆ ಎಲ್ಲರನ್ನೂ ನಗಿಸುತ್ತಿದ್ದವನು ಈಗ ಸುಮ್ಮನೆ ಕೂಡುತ್ತಾನೆ.

“ರಾತ್ರಿ ಗುಳಿಗಿ ತೊಗೊಂಡ್ರೇನ್ರೀ?” ಎಂದು ಹೆಂಡತಿ ಕೇಳುತ್ತಾಳೆ.

“ತೊಗೊಂಡೆನೋ ಬಿಟ್ಟೆನೋ, ನೆನಪ ಆಗವಲ್ದು,” ಎನ್ನುತ್ತಾನೆ.

“ಏನೋ ಗಾಳಿ ಬಡದೈತಿ” ಎಂದು ಮನೆಯ ಹಿರಿಯರು ಹೇಳುತ್ತಾರೆ. “ಕುಡಿತ ಜಾಸ್ತಿ ಆಗೈತಿ” ಎಂದು ನೆರೆಯವರು ಹೇಳುತ್ತಾರೆ. ಹರಕೆ ಹೊರುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಹರಕೆ ಅವರವರ ಭಕ್ತಿಗೆ ಬಿಟ್ಟದ್ದು. ಆದರೆ ಈ ಮರೆವಿಗೂ ಅವನ ರಕ್ತದಲ್ಲಿರುವ ರೋಗಾಣುವಿಗೂ ಸಂಬಂಧ ಇರಬಹುದೆಂದು ಆ ಮನೆಯಲ್ಲಿ ಯಾರಿಗೂ ತೋಚುವುದಿಲ್ಲ. ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಈ ರೋಗ ನಮ್ಮ ಕಡೆಗೆ ಬಂದ ಬಗೆ

ಭಾರತದಲ್ಲಿ ಎಚ್.ಐ.ವಿ. ರೋಗಾಣುವನ್ನು ಮೊದಲು ಗುರುತಿಸಿದ್ದು ೧೯೮೬ರಲ್ಲಿ, ಆಗಿನ ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿಯಾಗಿದ್ದ ಡಾ. ನಿರ್ಮಲಾ ಅದನ್ನು ಕಂಡುಹಿಡಿದರು. ಮುಂದಿನ ಕೆಲವೇ ವರ್ಷಗಳಲ್ಲಿ, ೧೯೮೯-೯೦ರ ಸುಮಾರಿಗೆ, ದೂರದ ಮಣಿಪುರದಲ್ಲಿ ರೋಗ ಬೆಂಕಿಯಂತೆ ಹರಡಿತು. ಅಲ್ಲಿ ತರುಣರು ಹೆರಾಯಿನ್ ಎಂಬ ಮಾದಕ ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿಕೊಳ್ಳುತ್ತಿದ್ದರು. ಒಂದೇ ಸೂಜಿ ಹಲವು ಕೈಗಳಿಗೆ ಹೋಗುತ್ತಿತ್ತು.

ನಮ್ಮ ಕಡೆ ರೋಗ ಬಂದ ದಾರಿ ಬೇರೆ. ಇಲ್ಲಿ ಅದು ಮುಖ್ಯವಾಗಿ ಕಾಂಡೋಮ್ ಬಳಸದ ಲೈಂಗಿಕ ಸಂಪರ್ಕದಿಂದ ಹರಡಿತು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಿಂದ ಗುಳೆ ಹೋದವರು ಅದನ್ನು ತಿಳಿಯದೆ ತಂದರು. ಮನೆಯಲ್ಲಿದ್ದ ಹೆಂಗಸರು ತಿಳಿಯದೆ ಪಡೆದರು. ೨೦೦೦ದ ನಂತರದ ಮೊದಲ ವರ್ಷಗಳಲ್ಲಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳು ನಾಡಿನಲ್ಲಿಯೇ ಹೆಚ್ಚು ಸೋಂಕಿದ್ದ ಜಿಲ್ಲೆಗಳೆಂದು ಎಣಿಕೆಯಾಗಿದ್ದವು. ಆಗಿನಿಂದ ಹೊಸ ಸೋಂಕು ಬಹಳ ಇಳಿದಿದೆ. ಆದರೆ ಆಗ ಸೋಂಕು ತಗುಲಿದವರಲ್ಲಿ ಅನೇಕರು ಗುಳಿಗೆಯ ಬಲದಿಂದ ಇಂದು ನಮ್ಮ ನಡುವೆ ದುಡಿಯುತ್ತಿದ್ದಾರೆ, ವಯಸ್ಸಾಗುತ್ತಿದ್ದಾರೆ. ಜೀವ ಉಳಿಯಿತು, ಇನ್ನು ತಲೆಯನ್ನೂ ಉಳಿಸಿಕೊಳ್ಳಬೇಕು.

ಸೂಜಿಯ ದಾರಿ ನಮಗೆ ಸಂಬಂಧವಿಲ್ಲವೆಂದು ಯಾರೂ ನಿಶ್ಚಿಂತರಾಗಬಾರದು. ಆ ಮಾತನ್ನು ಮುಂದೆ ನೋಡೋಣ.

ರೋಗಾಣು ಮಿದುಳಿಗೆ ಹೇಗೆ ಹೋಗುತ್ತದೆ?

ಮನುಷ್ಯನ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೨ ಪಾಲು ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು ೨೦ ಪಾಲನ್ನು ಅದೊಂದೇ ಬಳಸುತ್ತದೆ. ಆದುದರಿಂದ ರಕ್ತ ಅದಕ್ಕೆ ಎಡೆಬಿಡದೆ ಹರಿಯಬೇಕು. ಎಡದಂಡೆ ಕಾಲುವೆಯ ನೀರನ್ನು ಹೊಲಕ್ಕೆ ಬಿಡುವಾಗ ತೂಬು ಇರುತ್ತದೆಯಲ್ಲವೇ? ಹಾಗೆಯೇ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆ ಇದೆ. ಬೇಕಾದ ಸಕ್ಕರೆ, ಆಮ್ಲಜನಕಗಳನ್ನು ಅದು ಒಳಗೆ ಬಿಡುತ್ತದೆ. ವಿಷವನ್ನೂ ರೋಗಾಣುಗಳನ್ನೂ ಬಹುಮಟ್ಟಿಗೆ ಹೊರಗೇ ತಡೆಯುತ್ತದೆ.

ಎಚ್.ಐ.ವಿ. ಈ ಕಾವಲನ್ನು ಮೋಸಗೊಳಿಸುತ್ತದೆ. ಹೇಗೆಂದರೆ, ಬಿತ್ತನೆ ಬೀಜದಲ್ಲಿ ಸೇರಿಕೊಂಡು ಕಳೆಯ ಬೀಜ ಹೊಲಕ್ಕೆ ಬರುವಂತೆ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿವೆ. ಅವುಗಳಿಗೆ ಮಿದುಳಿನೊಳಗೆ ಹೋಗಿ ಬರುವ ಅಪ್ಪಣೆ ಇದೆ. ರೋಗಾಣು ಅವುಗಳ ಹೊಟ್ಟೆಯಲ್ಲಿ ಅಡಗಿ ಒಳಗೆ ಹೋಗುತ್ತದೆ. ಇದು ರೋಗದ ಕೊನೆಯಲ್ಲಿ ನಡೆಯುವ ಸಂಗತಿಯೆಂದು ತಿಳಿಯಬೇಡಿ. ಥಾಯ್ಲೆಂಡಿನ ಬ್ಯಾಂಕಾಕ್ ನಗರದಲ್ಲಿ ಆಗತಾನೆ ಸೋಂಕು ತಗುಲಿದವರನ್ನು ಪರೀಕ್ಷಿಸಿದರು. ೨೦೧೨ರಲ್ಲಿ ಪ್ರಕಟವಾದ ಆ ಪರೀಕ್ಷೆಯಂತೆ, ಸೋಂಕು ತಗುಲಿದ ಸುಮಾರು ಎಂಟು ದಿನಗಳಲ್ಲಿಯೇ ಮಿದುಳನ್ನು ಸುತ್ತಿರುವ ನೀರಿನಲ್ಲಿ ರೋಗಾಣು ಸಿಕ್ಕಿತು.

ಒಳಗೆ ಹೋದ ಮೇಲೆ ಅದು ಏನು ಮಾಡುತ್ತದೆ? ಯೋಚನೆ ಮಾಡುವ ನರಕೋಶಗಳನ್ನು ಅದು ನೇರವಾಗಿ ಹಿಡಿಯುವುದಿಲ್ಲ. ಆ ನರಕೋಶಗಳ ಸುತ್ತ ಕಸ ತೆಗೆದು ಕಾವಲು ಕಾಯುವ ಬೇರೆ ಜೀವಕೋಶಗಳಿವೆ. ರೋಗಾಣು ಅವುಗಳೊಳಗೆ ಮನೆ ಮಾಡುತ್ತದೆ. ಆಗ ಆ ಕಾವಲುಗಾರರು ರೇಗಿ, ಉರಿಯೂತವನ್ನುಂಟುಮಾಡುವ ಪದಾರ್ಥಗಳನ್ನು ಹಗಲಿರುಳೂ ಹೊರಗೆ ಬಿಡುತ್ತಾರೆ. ನರಕೋಶಗಳು ಆ ಪದಾರ್ಥಗಳಲ್ಲಿ ನಿಂತು ಬಾಡುತ್ತವೆ.

ಗಂಗಾವತಿಯ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವಳು ಬಿದ್ದ ಗದ್ದೆಯಲ್ಲಿ ಭತ್ತದ ಬೇರನ್ನು ಯಾರೂ ಕಡಿದಿರುವುದಿಲ್ಲ. ಆದರೂ ನೆಲ ಕೆಟ್ಟಿರುವುದರಿಂದ ಸಸಿ ಹಳದಿಯಾಗುತ್ತದೆ, ತೆನೆ ಜೊಳ್ಳಾಗುತ್ತದೆ. ಎಚ್.ಐ.ವಿ. ಮಿದುಳಿನ ನೆಲವನ್ನು ಸವಳು ಮಾಡುತ್ತದೆ.

ಏನೇನು ಕೆಡುತ್ತದೆ?

ಈ ಉರಿಯೂತದ ಪೆಟ್ಟು ಹೆಚ್ಚಾಗಿ ಮಿದುಳಿನ ಎರಡು ಜಾಗಗಳಿಗೆ ಬೀಳುತ್ತದೆ. ಒಂದು, ಕೈಕಾಲುಗಳ ಚಲನೆಯನ್ನು ಹದದಲ್ಲಿಡುವ ಆಳದ ಕೇಂದ್ರಗಳು. ಇನ್ನೊಂದು, ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ಬಿಳಿಯ ತಂತುಗಳು. ಆದುದರಿಂದ ಮೊದಲು ಕಾಣುವುದು ಹುಚ್ಚಲ್ಲ, ನಿಧಾನ. ಮಾತಿಗೆ ಉತ್ತರ ತಡವಾಗುತ್ತದೆ. ಎರಡು ಕೆಲಸಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ಹೊಸದಾಗಿ ಕೇಳಿದ್ದು ನಿಲ್ಲುವುದಿಲ್ಲ. ಹಳೆಯ ಸಂಗತಿಗಳು ಮಾತ್ರ ಚೆನ್ನಾಗಿ ನೆನಪಿರುತ್ತವೆ. ಆಮೇಲೆ ನಡಿಗೆ ತಡವರಿಸಬಹುದು, ಗುಂಡಿ ಹಾಕುವಾಗ ಬೆರಳು ತಪ್ಪಬಹುದು, ಉತ್ಸಾಹ ಕುಂದಬಹುದು. ಚಿಕಿತ್ಸೆಯೇ ಇಲ್ಲದೆ ಹೋದರೆ ಕೊನೆಗೆ ತನ್ನ ಮನೆಯವರನ್ನೂ ಗುರುತಿಸದ ಸ್ಥಿತಿ ಬರಬಹುದು.

ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಸಂಶೋಧನೆ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ತಜ್ಞರು ದಕ್ಷಿಣ ಭಾರತದ ೧೧೯ ಮಂದಿ ಸೋಂಕಿತರ ನೆನಪು, ಗಮನ, ಮಾತಿನ ಓಟಗಳನ್ನು ಪರೀಕ್ಷಿಸಿ ೨೦೦೭ರಲ್ಲಿ ವರದಿ ಮಾಡಿದರು. ಅವರಲ್ಲಿ ನೂರಕ್ಕೆ ಸುಮಾರು ೬೦ ಜನರಲ್ಲಿ ಸ್ವಲ್ಪದಿಂದ ಮಧ್ಯಮ ಮಟ್ಟದ ಕೊರತೆ ಕಂಡಿತು. ತೀವ್ರ ಕೊರತೆ ಮಾತ್ರ ಒಬ್ಬರಲ್ಲೂ ಇರಲಿಲ್ಲ.

ಇದಕ್ಕೆ ಒಂದು ಕಾರಣವನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಉದಯಕುಮಾರ್ ರಂಗ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ತೋರಿಸಿಕೊಟ್ಟರು. ಜೋಳದಲ್ಲಿ ತಳಿಗಳಿರುವಂತೆ ಎಚ್.ಐ.ವಿ.ಯಲ್ಲೂ ತಳಿಗಳಿವೆ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿರುವುದು ‘ಬಿ’ ತಳಿ, ನಮ್ಮಲ್ಲಿ ಹೆಚ್ಚಾಗಿರುವುದು ‘ಸಿ’ ತಳಿ. ಬಿಳಿ ರಕ್ತಕಣಗಳನ್ನು ಮಿದುಳಿನ ಕಡೆಗೆ ಸೆಳೆಯುವ ಒಂದು ಸಸಾರಜನಕ ಈ ರೋಗಾಣುವಿನಲ್ಲಿದೆ. ‘ಸಿ’ ತಳಿಯ ಆ ಸಸಾರಜನಕದಲ್ಲಿ ಒಂದೇ ಒಂದು ಕೊಂಡಿ ಬೇರೆಯಾಗಿರುವುದರಿಂದ ಅದರ ಸೆಳೆತ ಕಡಿಮೆ. ಇದು ನಮ್ಮ ಪುಣ್ಯವೆನ್ನಬಹುದು. ಆದರೆ ಅಷ್ಟಕ್ಕೇ ಮೈಮರೆಯುವಂತಿಲ್ಲ. ನೂರರಲ್ಲಿ ಅರವತ್ತು ಜನರ ಲೆಕ್ಕ ಇದೇ ತಳಿಯವರದು.

ತಲೆನೋವನ್ನು ತಾತ್ಸಾರ ಮಾಡಬೇಡಿ

ಇನ್ನೊಂದು ಅಪಾಯ ಇದಕ್ಕಿಂತ ಅವಸರದ್ದು. ಗುಳಿಗೆ ಬಿಟ್ಟವನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಅದನ್ನು ಅಳೆಯಲು ‘ಸಿ.ಡಿ.೪’ ಎಂಬ ಬಿಳಿ ರಕ್ತಕಣಗಳನ್ನು ಎಣಿಸುತ್ತಾರೆ. ಆ ಎಣಿಕೆ ೨೦೦ಕ್ಕಿಂತ ಕೆಳಗಿಳಿದರೆ ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗಿದಂತೆ ಬೇರೆ ರೋಗಗಳು ಮಿದುಳಿಗೆ ನುಗ್ಗುತ್ತವೆ.

ನಿಮ್ಹಾನ್ಸ್‌ನಲ್ಲಿ ೧೯೮೯ರಿಂದ ೧೯೯೬ರವರೆಗೆ ನರರೋಗದಿಂದ ಬಂದ ಸೋಂಕಿತರ ವಿವರವನ್ನು ಅಲ್ಲಿನ ವೈದ್ಯರು ಪ್ರಕಟಿಸಿದ್ದಾರೆ. ಅದರಲ್ಲಿ ಹೆಚ್ಚಾಗಿ ಕಂಡುಬಂದವು ಮೂರು. ಒಂದು, ಪಾರಿವಾಳದ ಹಿಕ್ಕೆಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಕ್ರಿಪ್ಟೋಕಾಕಸ್ ಎಂಬ ಬೂಷ್ಟಿನಿಂದ ಬರುವ ಮಿದುಳುಪೊರೆಯ ಜ್ವರ. ಎರಡು, ಮಿದುಳುಪೊರೆಯ ಕ್ಷಯ. ಮೂರು, ಬೆಕ್ಕಿನ ಮಲದಿಂದಲೂ ಸರಿಯಾಗಿ ಬೇಯದ ಮಾಂಸದಿಂದಲೂ ಬರುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ರೋಗ. ಇವು ಮೂರಕ್ಕೂ ಔಷಧ ಇದೆ. ಆದರೆ ತಡವಾದರೆ ಜೀವ ಹೋಗುತ್ತದೆ; ಉಳಿದರೂ ಕಣ್ಣೋ ಕೈಕಾಲೋ ಹೋಗಬಹುದು.

ಆದುದರಿಂದ ಎಚ್.ಐ.ವಿ. ಇರುವವರಲ್ಲಿ ಈ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ: ದಿನದಿಂದ ದಿನಕ್ಕೆ ಏರುವ ತಲೆನೋವು, ಜ್ವರ, ವಾಂತಿ, ಕತ್ತು ಬಿಗಿಯುವುದು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಕಡೆಯ ಕೈಕಾಲು ಸೋಲುವುದು, ಮೂರ್ಛೆ, ಫಿಟ್ಸ್, ಇದ್ದಕ್ಕಿದ್ದಂತೆ ಮಾತು ಅಡ್ಡಾದಿಡ್ಡಿಯಾಗುವುದು.

ಆಸ್ಪತ್ರೆಯಲ್ಲಿ ವೈದ್ಯರು ಬೆನ್ನಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸಬೇಕೆನ್ನಬಹುದು. “ಬೆನ್ನಾಗ ಸೂಜಿ ಹಾಕಿದ್ರ ಕಾಲು ಹೋಗ್ತಾವು” ಎಂದು ಹೆದರಿ ರೋಗಿಯನ್ನು ಎಬ್ಬಿಸಿಕೊಂಡು ಬರುವವರಿದ್ದಾರೆ. ಆ ಹೆದರಿಕೆ ಸರಿಯಲ್ಲ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಕೆಳಗಿನ ಜಾಗದಲ್ಲಿ. ಆ ನೀರಿನ ಪರೀಕ್ಷೆಯಾಗದೆ ಯಾವ ರೋಗವೆಂದು ತಿಳಿಯುವುದು ಕಷ್ಟ. ಬೂಷ್ಟಿನ ಜ್ವರದಲ್ಲಿ ತಲೆಯೊಳಗಿನ ಒತ್ತಡವನ್ನು ಇಳಿಸುವುದಕ್ಕೂ ಹೀಗೆ ನೀರು ತೆಗೆಯುತ್ತಾರೆ.

ಸೂಜಿಯಲ್ಲಿ ಏರಿಸುವ ಮಾದಕ

ಈಗ ಸೂಜಿಯ ಮಾತು. ನಮ್ಮ ಹಳ್ಳಿಗಳಲ್ಲಿ ಇದು ಅಪರೂಪವಿರಬಹುದು. ಆದರೆ ನಮ್ಮ ಮಕ್ಕಳು ಬೆಂಗಳೂರು, ಗೋವಾ, ಪುಣೆಗಳಿಗೆ ಓದಲು, ದುಡಿಯಲು ಹೋಗುತ್ತಾರೆ. ಅಲ್ಲಿ ಹೆರಾಯಿನ್ ಒಂದೇ ಅಲ್ಲ, ನೋವಿಗೆಂದು ಕೊಡುವ ಬಲವಾದ ಗುಳಿಗೆಗಳನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವ ಚಟವೂ ಇದೆ. ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು.

ಮಾದಕದ ಸೂಜಿ ಮಿದುಳಿಗೆ ನಾಲ್ಕು ಬಗೆಯಿಂದ ಕೇಡು ಮಾಡುತ್ತದೆ.

ಮೊದಲನೆಯದು, ಮಾದಕದ ಸ್ವಂತ ಕೇಡು. ಹೆರಾಯಿನ್ ಮತ್ತು ಅದರ ಜಾತಿಯ ಔಷಧಗಳು ಮಿದುಳಿನಲ್ಲಿ ಸುಖವನ್ನು ತಿಳಿಸುವ ಭಾಗವನ್ನು ವಶಪಡಿಸಿಕೊಳ್ಳುತ್ತವೆ. ಕೆಲವು ದಿನಗಳಲ್ಲಿ ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಆಗ ಊಟ, ಮಕ್ಕಳು, ಹೊಲ ಯಾವುದೂ ಸಂತೋಷ ಕೊಡುವುದಿಲ್ಲ. ಔಷಧ ಇಲ್ಲದಿದ್ದರೆ ಮೈಯೆಲ್ಲ ನೋವು, ನಡುಕ. ಅಷ್ಟೇ ಅಲ್ಲ, ಉಸಿರಾಟವನ್ನು ನಡೆಸುವ ಕೇಂದ್ರವನ್ನೂ ಅವು ಮಂದಗೊಳಿಸುತ್ತವೆ. ಅಳತೆ ಮೀರಿದರೆ ಉಸಿರು ನಿಲ್ಲುತ್ತದೆ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ನರಕೋಶಗಳು ಸಾಯತೊಡಗುತ್ತವೆ. ಅಂಥವನು ಸಿಕ್ಕರೆ ಒಂದು ಮಗ್ಗುಲಿಗೆ ಮಲಗಿಸಿ ೧೦೮ಕ್ಕೆ ಕರೆಮಾಡಿ; ಏನು ತೆಗೆದುಕೊಂಡಿದ್ದಾನೆಂಬುದನ್ನು ಮುಚ್ಚಿಡಬೇಡಿ. ನಲೋಕ್ಸೋನ್ ಎಂಬ ಮರುಮದ್ದು ಇದೆ.

ಎರಡನೆಯದು, ಕೊಳೆ ಸೂಜಿಯ ಕೇಡು. ಅದರಿಂದ ರಕ್ತಕ್ಕೆ ಸೇರಿದ ಕ್ರಿಮಿಗಳು ಹೃದಯದ ಕವಾಟಗಳ ಮೇಲೆ ಕೂಡುತ್ತವೆ. ಅಲ್ಲಿ ಬೆಳೆದ ಗಡ್ಡೆಯ ಚೂರು ಕಳಚಿ ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ ಅಥವಾ ಮಿದುಳಿನಲ್ಲಿ ಕೀವು ಕಟ್ಟುತ್ತದೆ.

ಮೂರನೆಯದು, ಹಂಚಿಕೊಂಡ ಸೂಜಿಯ ಕೇಡು. ಒಬ್ಬನ ಸೂಜಿಯಲ್ಲಿ ಉಳಿದ ಕಣ್ಣಿಗೆ ಕಾಣದಷ್ಟು ರಕ್ತ ಇನ್ನೊಬ್ಬನಿಗೆ ಎಚ್.ಐ.ವಿ.ಯನ್ನೂ, ಯಕೃತ್ತನ್ನು ಕೊಳೆಸುವ ಕಾಮಾಲೆಯ ‘ಬಿ’ ಮತ್ತು ‘ಸಿ’ ರೋಗಾಣುಗಳನ್ನೂ ಕೊಡುತ್ತದೆ. ಯಕೃತ್ತು ಕೆಟ್ಟರೆ ರಕ್ತದ ವಿಷ ಶುದ್ಧವಾಗದೆ ಮಿದುಳಿಗೇರಿ ಬುದ್ಧಿ ಮಂಕಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. ಮಾದಕವೂ ಎಚ್.ಐ.ವಿ.ಯೂ ಒಂದಕ್ಕೊಂದು ಕೈಗೂಡಿಸುತ್ತವೆ. ರೋಗಾಣು ಜೀವಕೋಶದೊಳಗೆ ಹೋಗಲು ಬಳಸುವ ಬಾಗಿಲುಗಳನ್ನು ಮಾರ್ಫಿನ್ ಜಾತಿಯ ಔಷಧಗಳು ಹೆಚ್ಚಿಸುತ್ತವೆಂದು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಕೊಕೇನ್, ಮೆಥಾಂಫೆಟಮಿನ್‌ಗಳು ಮಿದುಳಿನ ತಡೆಗೋಡೆಯನ್ನೇ ಸಡಿಲಿಸುತ್ತವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟು ಕಳಚಿ ಹೋದದ್ದು ನಿಮಗೆ ನೆನಪಿರಬೇಕು. ೩೩ ಗೇಟುಗಳಲ್ಲಿ ಒಂದೇ ಒಂದು ಹೋದದ್ದಕ್ಕೆ ನಾವೆಲ್ಲ ಹಲವು ರಾತ್ರಿ ನಿದ್ದೆಗೆಟ್ಟೆವು. ಕಾವಲಿನ ಗೋಡೆಯಲ್ಲಿ ಒಂದು ಕಡೆ ಬಾಯಿ ಬಿದ್ದರೆ ಏನಾಗುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇದು ಬರಿಯ ಊಹೆಯಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ೧೯೮೦ರ ದಶಕದಲ್ಲಿ ಹೆರಾಯಿನ್ ಸೂಜಿಯಿಂದ ಎಚ್.ಐ.ವಿ. ಹರಡಿತ್ತು. ಅಲ್ಲಿ ತೀರಿಕೊಂಡವರ ಮಿದುಳುಗಳನ್ನು ವೈದ್ಯರು ಪರೀಕ್ಷಿಸಿದಾಗ, ಬೇರೆ ದಾರಿಯಿಂದ ಸೋಂಕು ಪಡೆದವರಿಗಿಂತ ಮಾದಕದ ಸೂಜಿ ಹಾಕಿಕೊಳ್ಳುತ್ತಿದ್ದವರಲ್ಲಿ ಎಚ್.ಐ.ವಿ.ಯಿಂದಾದ ಮಿದುಳಿನ ಉರಿಯೂತ ಬಹಳ ಹೆಚ್ಚಾಗಿ ಕಂಡಿತು.

ಮಗನು ಇಂಥ ಚಟಕ್ಕೆ ಬಿದ್ದಿದ್ದಾನೆಂದು ತಿಳಿದರೆ ಕಟ್ಟಿಹಾಕಿ ಹೊಡೆಯಬೇಡಿರಿ. ಅದು ಮಿದುಳಿನ ರೋಗ. ಅದಕ್ಕೆ ಚಿಕಿತ್ಸೆ ಇದೆ. ಬುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಗಳನ್ನು ವೈದ್ಯರ ಕಣ್ಣಮುಂದೆ ಬಾಯಿಯಿಂದ ಕೊಟ್ಟು ಸೂಜಿಯನ್ನು ಬಿಡಿಸುತ್ತಾರೆ. ನಮಗೆ ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ೧೪೪೪೬ ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ.

ಊರಿನ ಸೂಜಿಯ ಮೇಲೂ ಕಣ್ಣಿಡಿ

ಮಾದಕವಿಲ್ಲದ ಸೂಜಿಯಿಂದಲೂ ರೋಗ ಬರಬಹುದು. ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯ ಬಂಗರ್‌ಮವು ಎಂಬಲ್ಲಿ ೨೦೧೮ರ ಮೊದಲಲ್ಲಿ ಹಲವಾರು ಹಳ್ಳಿಗರಿಗೆ ಎಚ್.ಐ.ವಿ. ಇರುವುದು ಬಯಲಾಯಿತು. ಓದಿಲ್ಲದ ವೈದ್ಯನೊಬ್ಬ ಒಂದೇ ಸಿರಿಂಜನ್ನು ಮತ್ತೆ ಮತ್ತೆ ಬಳಸಿದನೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ಹೇಳಿದರು. ನಮ್ಮಲ್ಲೂ ದಣಿವಾದರೆ, ಜ್ವರ ಬಂದರೆ “ಒಂದು ಸೂಜಿ ಮಾಡ್ರಿ” ಎಂದು ಕೇಳುವ ರೂಢಿ ಇದೆ. ಗುಳಿಗೆಯಿಂದ ವಾಸಿಯಾಗುವುದಕ್ಕೆ ಸೂಜಿ ಬೇಡ. ಬೇಕೇಬೇಕಾದರೆ ಹೊಸ ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆಯುವಂತೆ ಕೇಳಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಗುಳಿಗೆಯೂ ಮರೆವೂ

ಈಗ ನಾವು ಮೊದಲು ಹೇಳಿದ ಮನೆಗೆ ಹಿಂದಿರುಗೋಣ. ಎಚ್.ಐ.ವಿ. ಗುಳಿಗೆಗಳನ್ನು ಭಾರತ ಸರಕಾರವು ೨೦೦೪ರ ಏಪ್ರಿಲ್ ೧ರಿಂದ ಉಚಿತವಾಗಿ ಕೊಡುತ್ತಿದೆ. ೨೦೧೭ರಿಂದ, ಸಿ.ಡಿ.೪ ಎಷ್ಟೇ ಇರಲಿ, ಸೋಂಕು ತಿಳಿದ ಕೂಡಲೇ ಗುಳಿಗೆ ಆರಂಭಿಸುವ ನಿಯಮ ಬಂದಿದೆ. ಈಗ ಸಾಮಾನ್ಯವಾಗಿ ಮೂರು ಔಷಧಗಳು ಸೇರಿದ ಒಂದೇ ಗುಳಿಗೆಯನ್ನು ದಿನಕ್ಕೊಮ್ಮೆ ತೆಗೆದುಕೊಂಡರೆ ಸಾಕು. ಬಿಡದೆ ತೆಗೆದುಕೊಂಡರೆ ರಕ್ತದಲ್ಲಿ ರೋಗಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆಗ ಮಿದುಳಿನ ಉರಿಯೂತ ತಗ್ಗುತ್ತದೆ, ತೀವ್ರವಾದ ಬುದ್ಧಿಭ್ರಮಣೆ ಅಪರೂಪವಾಗುತ್ತದೆ. ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೂ ರೋಗ ದಾಟುವುದಿಲ್ಲ. ಗರ್ಭಿಣಿಯು ತೆಗೆದುಕೊಂಡರೆ ಮಗುವನ್ನೂ, ಆ ಮಗುವಿನ ಬೆಳೆಯುವ ಮಿದುಳನ್ನೂ ಉಳಿಸಬಹುದು.

ಆದರೆ ಗುಳಿಗೆಯು ರೋಗಾಣುವನ್ನು ಬೇರುಸಹಿತ ಕೀಳುವುದಿಲ್ಲ. ನೆಲದಲ್ಲಿ ಮಲಗಿದ ಕಳೆಬೀಜದಂತೆ ಅದು ದೇಹದಲ್ಲಿ ಅಲ್ಲಲ್ಲಿ ಮಲಗಿರುತ್ತದೆ. ಗುಳಿಗೆ ಬಿಟ್ಟರೆ ಕಳೆಗೆ ಮೊದಲ ಮಳೆ ಬಿದ್ದಂತೆ; ಕೆಲವೇ ವಾರಗಳಲ್ಲಿ ಎದ್ದು ನಿಲ್ಲುತ್ತದೆ.

ಇಲ್ಲಿಯೇ ಒಂದು ಸುಳಿ ಇದೆ. ರೋಗಾಣು ಮಿದುಳನ್ನು ಮುಟ್ಟಿದರೆ ಮರೆವು ಬರುತ್ತದೆ. ಮರೆವು ಬಂದವನು ಗುಳಿಗೆಯನ್ನೇ ಮರೆಯುತ್ತಾನೆ. ಗುಳಿಗೆ ತಪ್ಪಿದರೆ ರೋಗಾಣು ಹೆಚ್ಚುತ್ತದೆ. ಅದು ಹೆಚ್ಚಿದರೆ ಮರೆವೂ ಹೆಚ್ಚುತ್ತದೆ. ಈ ಸುಳಿಯಿಂದ ರೋಗಿಯು ತಾನೊಬ್ಬನೇ ಈಜಿ ದಡ ಸೇರಲಾರ. “ಇವನಿಗೆ ಜವಾಬ್ದಾರಿ ಇಲ್ಲ” ಎಂದು ಬೈಯುವುದರಿಂದ ಪ್ರಯೋಜನವಿಲ್ಲ. ಅವನ ನೆನಪಿಗೆ ಮನೆಯವರು ಊರುಗೋಲಾಗಬೇಕು.

ಮರೆವೆಲ್ಲ ಎಚ್.ಐ.ವಿ.ಯಿಂದಲೇ ಬರುತ್ತದೆಂದೂ ಅಲ್ಲ. ಕುಡಿತ, ಥೈರಾಯ್ಡ್ ಕೊರತೆ, ಬಿ-೧೨ ಜೀವಸತ್ವದ ಕೊರತೆ, ಮೇಹರೋಗ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಬರಬಹುದು. ಇವೆಲ್ಲವನ್ನೂ ಪರೀಕ್ಷಿಸಿ ಚಿಕಿತ್ಸೆ ಕೊಡಬಹುದು. ಅದಕ್ಕಾಗಿಯೇ ವೈದ್ಯರಿಗೆ ಹೇಳಬೇಕು.

ಮನೆಯವರು ಮಾಡಬೇಕಾದದ್ದು

೧. ಗುಳಿಗೆಯನ್ನು ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಗಂಟುಹಾಕಿ. ರಾತ್ರಿಯ ರೊಟ್ಟಿ ಊಟವಾದ ಕೂಡಲೇ ಗುಳಿಗೆ ಎಂದು ನಿಶ್ಚಯಿಸಿದರೆ ಗಡಿಯಾರ ನೋಡಬೇಕಾಗಿಲ್ಲ.

೨. ಗೋಡೆಯ ಪಂಚಾಂಗದಲ್ಲಿ ನುಂಗಿದ ದಿನಕ್ಕೆ ಗುರುತು ಹಾಕಿರಿ. “ತೊಗೊಂಡೆನೋ ಬಿಟ್ಟೆನೋ” ಎಂಬ ಸಂದೇಹ ಇದರಿಂದ ಹೋಗುತ್ತದೆ. ಶಾಲೆಗೆ ಹೋಗುವ ಮಗುವೂ ಇದನ್ನು ಮಾಡಬಹುದು. ಮೊಬೈಲಿನ ಅಲಾರಾಂ ಕೂಡ ಆಗುತ್ತದೆ.

೩. ಗುಳೆ ಹೋಗುವ ಮೊದಲು ಕೊಪ್ಪಳ ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರಕ್ಕೆ, ಅಥವಾ ನೀವು ಗುಳಿಗೆ ಪಡೆಯುವ ಕೇಂದ್ರಕ್ಕೆ ಹೋಗಿ ತಿಳಿಸಿ. ಹೋದ ಊರಿನ ಕೇಂದ್ರಕ್ಕೆ ನಿಮ್ಮ ದಾಖಲೆ ವರ್ಗ ಮಾಡಿಕೊಡುತ್ತಾರೆ. ಆರೋಗ್ಯ ಸ್ಥಿರವಾಗಿರುವವರಿಗೆ ಒಂದಕ್ಕಿಂತ ಹೆಚ್ಚು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡುವುದೂ ಉಂಟು.

೪. ಕುಡಿತ ಬಿಡಿಸಿ. ಹೆಂಡವೂ ಎಚ್.ಐ.ವಿ.ಯೂ ಒಂದೇ ಮಿದುಳನ್ನು ಎರಡು ಕಡೆಯಿಂದ ತಿನ್ನುತ್ತವೆ. ಆದರೆ ಒಂದು ದಿನ ಕುಡಿದನೆಂದು ಆ ದಿನದ ಗುಳಿಗೆಯನ್ನು ತಪ್ಪಿಸಬಾರದು.

೫. ಮರೆವು, ನಿಧಾನ, ಮಂಕುತನ ಕಂಡರೆ ಮುಂದಿನ ಸಲ ಗುಳಿಗೆಗೆ ಹೋದಾಗ ನೀವೂ ಜೊತೆಗೆ ಹೋಗಿ ವೈದ್ಯರಿಗೆ ಹೇಳಿ. ರೋಗಿಗೆ ತನ್ನ ಮರೆವು ತನಗೇ ತಿಳಿಯದೆ ಇರಬಹುದು. ವರ್ಷಕ್ಕೊಮ್ಮೆಯಾದರೂ ರೋಗಾಣುವಿನ ಪ್ರಮಾಣದ ಪರೀಕ್ಷೆ ಆಗಿದೆಯೇ ಎಂದು ಕೇಳಿ.

೬. ಇನ್ನೂ ಪರೀಕ್ಷೆ ಮಾಡಿಸಿಕೊಳ್ಳದವರು ತಾಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಿಸಿಕೊಳ್ಳಿ. ಆಶಾ ಕಾರ್ಯಕರ್ತೆಯರನ್ನು ಕೇಳಿರಿ, ಅಥವಾ ೧೦೯೭ಕ್ಕೆ ಕರೆಮಾಡಿ, ಹೆಸರು ಹೇಳಬೇಕಾಗಿಲ್ಲ.

ಊರವರಿಗೆ ಒಂದು ಮಾತು

ಈ ರೋಗ ಮುಟ್ಟಿದರೆ, ಒಂದೇ ತಂಬಿಗೆಯ ನೀರು ಕುಡಿದರೆ, ಒಟ್ಟಿಗೆ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ೨೦೧೭ರಲ್ಲಿ ಆದ ಎಚ್.ಐ.ವಿ. ಮತ್ತು ಏಡ್ಸ್ ಕಾನೂನು ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಯಲ್ಲಿದೆ. ಅದರಂತೆ ಸೋಂಕಿನ ಕಾರಣಕ್ಕೆ ಯಾರಿಗೂ ಕೆಲಸ, ಶಾಲೆ, ಚಿಕಿತ್ಸೆ ತಪ್ಪಿಸುವಂತಿಲ್ಲ. ಒಬ್ಬರ ಸೋಂಕಿನ ಸುದ್ದಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ.

ಕಾನೂನಿಗಿಂತ ಮಿಗಿಲಾದ ಕಾರಣವೂ ಇದೆ. ಊರವರ ಬಾಯಿಗೆ ಹೆದರಿದವನು ಗುಳಿಗೆಯ ಡಬ್ಬಿಯನ್ನು ಅಡಗಿಸಿಡುತ್ತಾನೆ. ಅಡಗಿಸಿಟ್ಟದ್ದ ಡಬ್ಬಿಯನ್ನು ಮರೆತುಬಿಡುವುದು ಸುಲಭ. ಡಬ್ಬಿಯು ದೇವರ ಜಗಲಿಯ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ ಕೂತಿರುವ ಮನೆಯಲ್ಲಿ ಗುಳಿಗೆ ತಪ್ಪುವುದಿಲ್ಲ.

ಸವಳು ಬಿದ್ದ ನೆಲವನ್ನು ಒಂದೇ ದಿನದಲ್ಲಿ ಸರಿಮಾಡಲಾಗದು. ಬಸಿಗಾಲುವೆ ತೆಗೆದು, ಹಸಿರೆಲೆ ಗೊಬ್ಬರ ಹಾಕಿ, ವರ್ಷಾನುಗಟ್ಟಲೆ ತಾಳ್ಮೆಯಿಂದ ದುಡಿದವರು ಅದರಲ್ಲಿ ಮತ್ತೆ ಬೆಳೆ ತೆಗೆದಿದ್ದಾರೆ. ಮಿದುಳಿನ ನೆಲವೂ ಅಷ್ಟೆ. ಇಂದು ರಾತ್ರಿ ಊಟವಾದ ಮೇಲೆ ಆ ಮನೆಯ ಹೆಂಡತಿ ಗುಳಿಗೆಯನ್ನೂ ನೀರಿನ ತಂಬಿಗೆಯನ್ನೂ ತಂದು ಮುಂದಿಟ್ಟು, ಅವನು ನುಂಗಿದ್ದನ್ನು ನೋಡಿ ಪಂಚಾಂಗದಲ್ಲಿ ಒಂದು ಗೆರೆ ಎಳೆಯಲಿ. ಕೆಲಸ ಅಲ್ಲಿಂದ ಪ್ರಾರಂಭವಾಗುತ್ತದೆ.